ಒನ್-ನಾರ್ತ್‌ಗೆ ನಾನೂರು ರೊಟ್ಟಿ

ಬೆಳಿಗ್ಗೆ ಆರೂ ಮುಕ್ಕಾಲಿಗೆ ಸಿಂಗಾಪುರದ ಸೆಂಗ್‌ಕಾಂಗಿನ ಮನೆಯಿಂದ ಹೊರಟೆ. ಒಂದು ಕೈಯಲ್ಲಿ ಕೊಡೆ, ಜೇಬಿನಲ್ಲಿ ನೋಟ್‌ಬುಕ್ಕು. ಆಕಾಶ ಕಪ್ಪಾಗಿತ್ತು, ಗಾಳಿ ಇರಲಿಲ್ಲ. ಅಂದು ಸಂಜೆಯವರೆಗೆ ನಾನು ಗಾಡಿ ಓಡಿಸಿದ ಒಟ್ಟು ದೂರ ಐವತ್ತೆರಡು ಕಿಲೋಮೀಟರ್. ಇಷ್ಟಕ್ಕೊಂದು ಪ್ರವಾಸ ಕಥನ ಬೇಕೇ ಎಂದು ಮೈಸೂರಿನ ಗೆಳೆಯರು ಕೇಳಬಹುದು. ಅವರು ಮದ್ದೂರಿಗೆ ವಡೆ ತಿನ್ನಲು ಹೋದರೂ ಇದಕ್ಕಿಂತ ಹೆಚ್ಚು ದೂರವಾಗುತ್ತದೆ. ಆದರೆ ನಾನಿರುವ ದೇಶದ ಉದ್ದವೇ ಅಷ್ಟು. ಇಲ್ಲಿ ಐವತ್ತೆರಡು ಕಿಲೋಮೀಟರ್ ಎಂದರೆ ದೊಡ್ಡ ಪ್ರಯಾಣ.

ಇಲ್ಲಿ ಬರುವ ಅಂಕಿಗಳನ್ನು ನೋಟ್‌ಬುಕ್ಕಿನಿಂದಲೂ ಫೋನಿನ ಫೋಟೋಗಳಿಂದಲೂ ತೆಗೆದಿದ್ದೇನೆ. ನೆನಪಿನಿಂದ ಬರೆದದ್ದನ್ನು ನೆನಪು ಎಂದೇ ಹೇಳುತ್ತೇನೆ. ಎಂ.ಎಸ್‌ಸಿ. ಭೌತಶಾಸ್ತ್ರ ಓದಿ, ಹತ್ತು ವರ್ಷ ಪ್ರಯೋಗಾಲಯದಲ್ಲಿ ಹುಡುಗರಿಗೆ ಅಳತೆ ಕಲಿಸಿದವನು ನಾನು. ಯಾರು ಏನು ಹೇಳಿದರೂ ಒಮ್ಮೆ ಅನುಮಾನಿಸುವುದು ಆಗಿನಿಂದ ಬಂದ ಚಾಳಿ. ಈಗ ಐವತ್ತರ ಹತ್ತಿರ ಬಂದಾಗ ಆ ಅನುಮಾನ ನನ್ನ ಕಡೆಗೇ ತಿರುಗಿದೆ. ಹೋದ ವರ್ಷ ನಮ್ಮ ಬ್ಲಾಕಿನ ನಂಬರನ್ನೇ ಟ್ಯಾಕ್ಸಿಯವನಿಗೆ ತಪ್ಪು ಹೇಳಿ, ಪಕ್ಕದ ಬ್ಲಾಕಿನ ಒಂಬತ್ತನೇ ಮಹಡಿಯಲ್ಲಿ ಬೇರೆಯವರ ಬಾಗಿಲಿಗೆ ಕೀ ಹಾಕಿ ತಿರುಗಿಸುತ್ತ ನಿಂತಿದ್ದೆ.

ಪ್ರಯಾಣದ ಕಾರಣ ರೊಟ್ಟಿ. ನನ್ನ ಹೆಂಡತಿ ಶೈಲಾ ಬಾಗಲಕೋಟೆಯವಳು. ಅವಳೂ ಬಿಶಾನಿನ ಗಿರಿಜಾ ಆಂಟಿಯೂ ಸೇರಿ ಕಾಕಿ ಬುಕಿತ್‌ನಲ್ಲಿ ಒಂದು ಅಡುಗೆ ಘಟಕವನ್ನು ಬಾಡಿಗೆಗೆ ಹಿಡಿದು ಜೋಳದ ಖಡಕ್ ರೊಟ್ಟಿ ಮಾಡುತ್ತಾರೆ. ಗಿರಿಜಾ ಆಂಟಿ ಗದಗಿನವರು, ಸಿಂಗಾಪುರಕ್ಕೆ ಬಂದು ಮೂವತ್ತು ವರ್ಷದ ಹತ್ತಿರವಾಯಿತು. ಇಲ್ಲಿರುವ ನಮ್ಮೂರ ಕಡೆಯವರ ಮನೆಗಳಿಗೆ ರೊಟ್ಟಿ ಮುಟ್ಟಿಸುವುದು ನನ್ನ ಕೆಲಸ. ಇದುವರೆಗೆ ಅದನ್ನು ಒಂದು ಹಳೆಯ ಡೀಸೆಲ್ ವ್ಯಾನಿನಲ್ಲಿ ಮಾಡುತ್ತಿದ್ದೆ. ಇಲ್ಲಿ ಗಾಡಿಯನ್ನು ರಸ್ತೆಗಿಳಿಸುವ ಪರವಾನಗಿಯ ಆಯುಸ್ಸು ಹತ್ತು ವರ್ಷ. ನಮ್ಮ ವ್ಯಾನಿನದು ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು, ಆಮೇಲೆ ಅದು ಗುಜರಿಗೆ.

ಅದರ ಬದಲಿಗೆ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ಇನ್ನೂ ಬಾರದ ಒಂದು ಎಲೆಕ್ಟ್ರಿಕ್ ಪಿಕಪ್. ನಾಲ್ಕು ಬಾಗಿಲು, ಹಿಂದಿನ ತೊಟ್ಟಿಯಲ್ಲೇ ಕರೆಂಟಿನ ಪ್ಲಗ್ಗು, ಒಮ್ಮೆ ಚಾರ್ಜ್ ಮಾಡಿದರೆ ನಾನೂರ ಐವತ್ತು ಕಿಲೋಮೀಟರ್. ಹಬ್ಬದ ದಿನಗಳಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ, ಗ್ಯಾಸ್ ಸಿಲಿಂಡರಿನ ರಗಳೆಯಿಲ್ಲದೆ ಬಿಸಿ ರೊಟ್ಟಿ ಸುಡಬಹುದು ಎಂಬುದು ನನ್ನ ಲೆಕ್ಕ. ಒಂದು ವರ್ಷದ ಹಿಂದೆಯೇ ಊಬಿಯ ಶೋರೂಮಿನಲ್ಲಿ ಹೆಸರು ಬರೆಸಿದ್ದೆ. ಅದು ಬರುವ ದಿನ ಎರಡು ಸಲ ಮುಂದಕ್ಕೆ ಹೋಗಿತ್ತು. ಅದರ ವಿವರದ ಹಾಳೆಯ ಫೋಟೋ ಫೋನಿನಲ್ಲಿತ್ತು, ದಿನಕ್ಕೊಮ್ಮೆಯಾದರೂ ತೆಗೆದು ನೋಡುತ್ತಿದ್ದೆ.

"ಈ ದೇಶದ ಉದ್ದ ಐವತ್ತು ಕಿಲೋಮೀಟರ್ ರೀ," ಎಂದಿದ್ದಳು ಶೈಲಾ. "ನಾನೂರ ಐವತ್ತು ಇಟ್ಕೊಂಡು ಎಲ್ಲಿಗ್ ಹೋಗ್ತೀರಾ? ಆಚೆ ಸಮುದ್ರ ಇದೆ. ಸದ್ಯಕ್ಕೆ ಓಡೋದೊಂದು ನೋಡಿ."

ಸದ್ಯಕ್ಕೆ ಎಂದರೆ ಎರಡು ವರ್ಷದ ಲೀಸಿಗೆ ಸಿಗುವ ಒಂದು ಪುಟ್ಟ ಎಲೆಕ್ಟ್ರಿಕ್ ಪಿಕಪ್. ಎರಡೇ ಸೀಟು, ತೊಟ್ಟಿಯ ಮೇಲೆ ಕ್ಯಾನೊಪಿ ಎಂಬ ಮುಚ್ಚಿಗೆ, ಒಂದು ಚಾರ್ಜಿಗೆ ಇನ್ನೂರ ಮೂವತ್ತು ಕಿಲೋಮೀಟರ್. ಶೋರೂಮಿನವರು ಒಂದು ದಿನ ಓಡಿಸಿ ನೋಡಲು ಕೊಡುತ್ತೇವೆ, ಸಂಜೆ ಐದರೊಳಗೆ ಉತ್ತರ ಹೇಳಿ ಎಂದಿದ್ದರು. ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಬೇಡ ಎನ್ನಲು ಒಂದು ಗಟ್ಟಿ ಕಾರಣ ಸಿಗಲಿ ಎಂದೇ ಒಪ್ಪಿಕೊಂಡಿದ್ದೆ.

ಆದರೆ ಅದೇ ದಿನ ಇನ್ನೊಂದು ಪರೀಕ್ಷೆಯೂ ಇತ್ತು. ಒನ್-ನಾರ್ತ್ ಎಂಬ ಬಡಾವಣೆಯ ಒಂದು ಸಂಶೋಧನಾ ಕಟ್ಟಡದ ಕ್ಯಾಂಟೀನಿಗೆ ನಾನೂರು ರೊಟ್ಟಿ ಹನ್ನೊಂದೂವರೆಯೊಳಗೆ ತಲುಪಬೇಕು. ಮುರಿಯದೆ ತಲುಪಿದರೆ ವಾರಕ್ಕೆರಡು ದಿನದ ಕಾಯಂ ಆರ್ಡರು. ತಿಂಗಳ ಹಿಂದೆ ಡೀಸೆಲ್ ವ್ಯಾನಿನಲ್ಲಿ ಇನ್ನೂರು ಒಯ್ದಿದ್ದೆ. ಅರವತ್ತು ಮುರಿದಿದ್ದವು ಎಂದು ನನ್ನ ನೆನಪು, ಮೂವತ್ತೆಂಟು ಎಂದು ಶೈಲಾಳ ವಾದ. ಎಷ್ಟೇ ಆಗಲಿ, ಕ್ಯಾಂಟೀನಿನ ಫರೀದಾ ಮೇಡಂ ಇನ್ನೊಂದು ಅವಕಾಶ ಮಾತ್ರ ಕೊಟ್ಟಿದ್ದರು. ಮೂರನೆಯದಿಲ್ಲ ಎಂದು ನಗುತ್ತಲೇ ಹೇಳಿದ್ದರು. ಈ ಆರ್ಡರು ತಪ್ಪಿದರೆ ಕಾಕಿ ಬುಕಿತ್‌ನ ಘಟಕವನ್ನು ಬಿಟ್ಟುಕೊಡುವುದೆಂದು ಹೆಂಗಸರಿಬ್ಬರೂ ನಿರ್ಧರಿಸಿಯಾಗಿತ್ತು.

ನಮ್ಮ ಬ್ಲಾಕಿನ ಕೆಳಗಿನ ಪುಟ್ಟ ರೈಲು ಎಲ್‌ಆರ್‌ಟಿ ಹಿಡಿದು ಸೆಂಗ್‌ಕಾಂಗ್ ನಿಲ್ದಾಣ, ಅಲ್ಲಿಂದ ಮೆಟ್ರೊ ರೈಲು ಎಂಆರ್‌ಟಿಯಲ್ಲಿ ಸೆರಂಗೂನ್, ಅಲ್ಲಿ ಬದಲಿಸಿ ಮ್ಯಾಕ್‌ಫರ್ಸನ್, ಮತ್ತೆ ಬದಲಿಸಿ ಒಂದೇ ನಿಲ್ದಾಣ ಮುಂದಕ್ಕೆ ಊಬಿ. ಮುಕ್ಕಾಲು ಗಂಟೆ, ಎರಡು ಡಾಲರಿಗೆ ಸ್ವಲ್ಪ ಕಡಿಮೆ. ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಮಳೆ ಸುರಿಯತೊಡಗಿತ್ತು.

ಶೋರೂಮಿನ ಕೆಲ್ವಿನ್ ಎಂಬ ತರುಣ ಗಾಡಿಯನ್ನು ಚಾವಣಿಯ ಕೆಳಗೇ ನಿಲ್ಲಿಸಿಕೊಂಡು ಕಾಯುತ್ತಿದ್ದ. ಬಿಳಿ ಬಣ್ಣ, ಪುಟ್ಟ ಮೂತಿ. ಬ್ಯಾಟರಿ ಶೇಕಡ ತೊಂಬತ್ತೆರಡು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಳಗೆ ಕೂತು ಗುಂಡಿ ಒತ್ತಿದೆ. ಏನೂ ಕೇಳಿಸಲಿಲ್ಲ. ಮತ್ತೊಮ್ಮೆ ಒತ್ತಿದೆ.

"ಅಂಕಲ್, ಮೊದಲ ಸಲವೇ ಆನ್ ಆಗಿತ್ತು. ಈಗ ನೀವು ಆಫ್ ಮಾಡಿದಿರಿ ಲಾ," ಎಂದ ಕೆಲ್ವಿನ್, ಮಾತಿನ ಕೊನೆಗೆ ಇಲ್ಲಿಯವರ 'ಲಾ' ಸೇರಿಸಿ. ಆಮೇಲೆ ತೊಟ್ಟಿಯನ್ನು ತಟ್ಟಿ, "ಏನು ಸಾಗಿಸ್ತೀರಿ?" ಎಂದು ಕೇಳಿದ.

ರೊಟ್ಟಿ ಎಂದೆ. ಹಪ್ಪಳದ ಹಾಗಿರುತ್ತದೆ, ಮುಟ್ಟಿದರೆ ಮುರಿಯುತ್ತದೆ ಎಂದು ವಿವರಿಸಿದೆ.

ಅವನು ತಲೆ ಕೆರೆದುಕೊಂಡ. "ಹಗುರದ ಸಾಮಾನಿಗೆ ಪಿಕಪ್ ಒಳ್ಳೇದಲ್ಲ. ಖಾಲಿ ಇದ್ರೆ ಜಿಗಿಯುತ್ತೆ. ಕೆಳಗೆ ಭಾರ ಏನಾದರೂ ಹಾಕಿ."

ಅವನು ಹೇಳಿದ್ದು ಸರಿ. ಪಿಕಪ್ಪಿನ ಸ್ಪ್ರಿಂಗುಗಳು ಭಾರಕ್ಕೆಂದು ಮಾಡಿದವು, ಭಾರವಿಲ್ಲದಿದ್ದರೆ ರಸ್ತೆಯ ಸಣ್ಣ ಉಬ್ಬೂ ನೇರ ಮೇಲಕ್ಕೆ ಬರುತ್ತದೆ. ಭೌತಶಾಸ್ತ್ರ ಓದಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಬೇಡ ಎನ್ನಲು ಒಂದು ಕಾರಣ ಸಿಕ್ಕಿತೆಂದು ಒಳಗೊಳಗೇ ಸಮಾಧಾನವಾಯಿತೋ ಏನೋ, ಈಗ ಖಚಿತವಾಗಿ ಹೇಳಲಾರೆ.

ಕಾಕಿ ಬುಕಿತ್‌ಗೆ ಮೂರು ಕಿಲೋಮೀಟರ್. ಶೈಲಾ ಹದಿನಾರು ಚೌಕದ ತಗಡಿನ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದಳು. ಒಂದೊಂದರಲ್ಲೂ ಬಿಳಿ ಬಟ್ಟೆ ಸುತ್ತಿದ ಇಪ್ಪತ್ತೈದು ರೊಟ್ಟಿ. ಮುಚ್ಚಳದ ಸುತ್ತ ಟೇಪು, ಏಕೆಂದರೆ ಸಿಂಗಾಪುರದ ಗಾಳಿಯಲ್ಲಿ ಖಡಕ್ ರೊಟ್ಟಿಯ ಆಯುಸ್ಸು ಬಹಳ ಕಡಿಮೆ. ಡಬ್ಬಿ ತೆರೆದಿಟ್ಟು ಅರ್ಧ ಗಂಟೆ ಮಾತಾಡುತ್ತ ಕೂತರೆ ರೊಟ್ಟಿ ಮುರಿಯುವುದೇ ಇಲ್ಲ, ಬಟ್ಟೆಯ ಹಾಗೆ ಮಡಚುತ್ತದೆ. ಅಂಥದನ್ನು ಖಡಕ್ ರೊಟ್ಟಿ ಎಂದು ಯಾರಿಗೂ ಕೊಡಲಾಗುವುದಿಲ್ಲ.

ಕೆಲ್ವಿನ್ ಹೇಳಿದ್ದನ್ನು ಅವಳಿಗೆ ಹೇಳಿದೆ. ಅವಳು ಗೋಡೆಗೆ ಪೇರಿಸಿದ್ದ ಜೋಳದ ಹಿಟ್ಟಿನ ಚೀಲಗಳನ್ನು ತೋರಿಸಿದಳು. "ಎಂಟು ಚೀಲ ಹಾಕಿ. ಇನ್ನೂರು ಕೆ.ಜಿ. ಆಗುತ್ತೆ. ಅದರ ಮೇಲೆ ಡಬ್ಬಿ ಇಡೋಣ, ಮೆತ್ತಗೂ ಇರುತ್ತೆ."

"ಹಿಟ್ಟನ್ನ ಸುಮ್ನೆ ಊರು ಸುತ್ತಿಸೋದಾ?"

"ನೀವು ಅದನ್ನೇ ಅಲ್ವಾ ಮಾಡೋದು? ಹಿಟ್ಟೂ ಬರಲಿ ಜೊತೆಗೆ."

ಹೀಗೆ ರೊಟ್ಟಿ ತನ್ನ ಹಿಟ್ಟಿನ ಮೇಲೆಯೇ ಕೂತು ಹೊರಟಿತು. ಡಬ್ಬಿಗಳ ಸುತ್ತ ಹಗ್ಗ ಬಿಗಿದು, ಕ್ಯಾನೊಪಿಯ ಪರದೆ ಇಳಿಸಿ, ಶೈಲಾ ಒಂದು ಮಾತನ್ನೂ ಸೇರಿಸಿದಳು. ಹತ್ತೂಕಾಲಿಗೆ ಗಿರಿಜಾ ಆಂಟಿಯನ್ನು ಬಿಶಾನಿನಲ್ಲಿ ಹತ್ತಿಸಿಕೊಳ್ಳಬೇಕು, ಹಾರ್ನ್ ಮಾಡಬಾರದು, ಅವರಿಗೆ ಅದು ಆಗುವುದಿಲ್ಲ.

ಬಾರ್ಟ್‌ಲಿ ರಸ್ತೆಯಲ್ಲಿ ಮಳೆ ಎಷ್ಟು ಜೋರಾಯಿತೆಂದರೆ ಮುಂದಿನ ಬಸ್ಸಿನ ಕೆಂಪು ದೀಪ ಬಿಟ್ಟು ಬೇರೇನೂ ಕಾಣಲಿಲ್ಲ. ಮೊದಲ ಸಿಗ್ನಲ್ಲಿನಲ್ಲಿ ನಿಂತೆ. ಆಗ ಒಂದು ವಿಷಯ ಗಮನಕ್ಕೆ ಬಂತು. ಡೀಸೆಲ್ ವ್ಯಾನಿನಲ್ಲಿ ರೊಟ್ಟಿ ಮುರಿಯುತ್ತಿದ್ದದ್ದು ಓಡುವಾಗ ಎಂದು ನಾನು ಇಷ್ಟು ದಿನ ನಂಬಿದ್ದೆ. ಆದರೆ ಆ ವ್ಯಾನು ಅತಿ ಹೆಚ್ಚು ನಡುಗುತ್ತಿದ್ದದ್ದು ನಿಂತಾಗ. ಕೆಂಪು ದೀಪ ಬಿದ್ದಷ್ಟು ಹೊತ್ತೂ ಡಬ್ಬಿಗಳು ಹಲ್ಲು ಕಡಿದ ಹಾಗೆ ಕಟಕಟ ಎನ್ನುತ್ತಿದ್ದವು. ಈ ಗಾಡಿ ನಿಂತರೆ ನಿಂತಂತೆಯೇ. ಹಿಂದೆ ಕ್ಯಾನೊಪಿಯ ಮೇಲೆ ಬೀಳುವ ಮಳೆಯ ಸದ್ದು ಮಾತ್ರ. ಬಿಶಾನಿನವರೆಗೆ ಹನ್ನೊಂದು ಸಿಗ್ನಲ್ ಎಣಿಸಿದೆ. ನೋಟ್‌ಬುಕ್ಕಿನಲ್ಲಿ ಹನ್ನೊಂದು ಗೀಟುಗಳಿವೆ, ಆದ್ದರಿಂದ ಇದು ನೆನಪಲ್ಲ.

ಗಿರಿಜಾ ಆಂಟಿ ತಮ್ಮ ಬ್ಲಾಕಿನ ಬುಡದ ಗೋಡೆಯಿಲ್ಲದ ಮೊಗಸಾಲೆ, ವಾಯ್ಡ್ ಡೆಕ್‌ನಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಹಣೆಯ ಮೇಲೆ ವಿಭೂತಿ, ಕಾಲಲ್ಲಿ ಓಟದ ಬೂಟು, ಮಡಿಲಲ್ಲಿ ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ. ಗಾಡಿ ಸದ್ದಿಲ್ಲದೆ ಬಂದು ಪಕ್ಕದಲ್ಲೇ ನಿಂತರೂ ಅವರಿಗೆ ಗೊತ್ತಾಗಲಿಲ್ಲ. ಹಾರ್ನ್ ಮಾಡಬಾರದೆಂಬ ಮಾತು ನೆನಪಿತ್ತು. ಕಿಟಕಿ ಇಳಿಸಿ ಕರೆದೆ.

"ಯಪ್ಪಾ, ಹಿಂಗ ಕಳ್ಳನಂಗ ಬರ್ತಾರೇನು?" ಎಂದು ಎದ್ದರು. ಒಂದು ಸುತ್ತು ಹಾಕಿ ಗಾಡಿ ನೋಡಿದರು. "ಛಲೋ ಐತಿ. ಸಣ್ಣದು ಐತಿ. ನಮ್ಮ ಕಾರ್‌ಪಾರ್ಕಿನ್ಯಾಗ ಹೋಗತೈತೇನು?"

"ಎತ್ತರ ಎರಡು ಪಾಯಿಂಟ್ ಸೊನ್ನೆ ನಾಲ್ಕು ಮೀಟರ್ ಆಂಟಿ," ಎಂದೆ. ಆ ಅಂಕಿ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಮೀಟರ್ ನನಗ್ಯಾಕ?" ಅವರು ಗಾಡಿಯ ಪಕ್ಕಕ್ಕೆ ಒತ್ತಿ ನಿಂತು ಬಲಗೈಯನ್ನು ನೆಟ್ಟಗೆ ಮೇಲಕ್ಕೆ ಎತ್ತಿದರು. ಕ್ಯಾನೊಪಿಯ ಅಂಚು ಅವರ ಉಂಗುರಕ್ಕೆ ಬಂತು. "ಉಂಗುರತನ," ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಕೂತರು. ಮನೆಗೆ ಕಪಾಟು ತಂದರೂ ಫ್ರಿಜ್ಜು ತಂದರೂ ಅವರ ಅಳತೆ ಹೀಗೆಯೇ. ಭುಜ, ಕಿವಿ, ಬಳೆ, ಉಂಗುರ, ಬೆರಳ ತುದಿ. ನಾನು ನಕ್ಕೆ. ಹುಡುಗರಿಗೆ ಅಳತೆ ಕಲಿಸಿದವನಿಗೆ ಇದು ನಗುವ ವಿಷಯ ಎನಿಸಿತ್ತು.

ಬಿಶಾನಿನಿಂದ ಒನ್-ನಾರ್ತ್‌ಗೆ ಹದಿಮೂರು ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇಯಲ್ಲಿ ನಮ್ಮಂಥ ಸರಕಿನ ಗಾಡಿಗೆ ಎಪ್ಪತ್ತರ ಮಿತಿ. ಎಡಗಡೆಯ ಸಾಲಿನಲ್ಲಿ ಅರವತ್ತರಲ್ಲಿ ಹೋದೆವು. ದೊಡ್ಡ ಲಾರಿಗಳು ನೀರೆರಚುತ್ತ ದಾಟಿಹೋದವು. ಆಂಟಿ ದಾರಿಯುದ್ದಕ್ಕೂ ಕುತ್ತಿಗೆ ಹಿಂದಕ್ಕೆ ತಿರುಗಿಸಿ ಗಾಜಿನಿಂದ ಡಬ್ಬಿಗಳನ್ನೇ ನೋಡುತ್ತಿದ್ದರು.

"ಆ ದೊಡ್ಡ ಗಾಡಿ ಯಾವಾಗ ಬರತೈತಂತ?" ಎಂದು ಕೇಳಿದರು.

"ಮುಂದಿನ ವರ್ಷ ಅಂತಾರೆ."

"ಹೋದ ವರ್ಷಾನೂ ಮುಂದಿನ ವರ್ಷ ಅಂದಿದ್ದಿ."

"ಅಂದಿದ್ದೆನಾ?"

"ಅಂದಿದ್ದಿ. ನಮ್ಮನಿ ಚಹಾ ಕುಡಕೋತ ಅಂದಿದ್ದಿ. ಸಕ್ಕರಿ ಕಡಿಮಿ ಆಗೈತಿ ಅಂತನೂ ಅಂದಿದ್ದಿ."

ನನಗೆ ಚಹಾವೂ ನೆನಪಿರಲಿಲ್ಲ, ಸಕ್ಕರೆಯೂ ನೆನಪಿರಲಿಲ್ಲ. ವೈಪರಿನ ವೇಗ ಹೆಚ್ಚಿಸಿದೆ.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಕಟ್ಟಡದ ಹಿಂಭಾಗಕ್ಕೆ ತಲುಪಿದೆವು. ಮಳೆ ಇನ್ನೂ ನಿಂತಿರಲಿಲ್ಲ. ಸಾಮಾನು ಇಳಿಸುವ ಕಟ್ಟೆಯ ಮುಂದೆ ಹಳದಿ ಪಟ್ಟಿ ಕಟ್ಟಿತ್ತು. ಕಾವಲಿನ ಅಂಕಲ್ ಕೊಡೆ ಹಿಡಿದು ಬಂದು, ಇವತ್ತು ಇಲ್ಲಿ ರಿಪೇರಿ ನಡೆಯುತ್ತಿದೆ, ಬೇಸ್‌ಮೆಂಟಿಗೆ ಹೋಗಿ ಎಂದರು. ಹೊರಗೆ ರಸ್ತೆ ಬದಿಯಲ್ಲಿ ನಿಲ್ಲಿಸಿ ಹೊತ್ತು ತರಬಹುದೇ ಎಂದು ಕೇಳಿದೆ. ರಸ್ತೆ ಬದಿಯಲ್ಲಿ ನಿಲ್ಲಿಸುವಂತಿಲ್ಲ, ಅಲ್ಲಿಂದ ಕ್ಯಾಂಟೀನಿಗೆ ಚಾವಣಿಯೂ ಇಲ್ಲ. ಆ ಮಳೆಯಲ್ಲಿ ಹದಿನಾರು ಡಬ್ಬಿ ಹೊತ್ತು ನಡೆದರೆ, ಮುಚ್ಚಳಕ್ಕೆ ಎಷ್ಟೇ ಟೇಪು ಸುತ್ತಿದ್ದರೂ ನನಗೆ ನಂಬಿಕೆಯಿರಲಿಲ್ಲ.

ಬೇಸ್‌ಮೆಂಟಿನ ಇಳಿಜಾರಿನ ಬಾಯಿಯಲ್ಲಿ ಎರಡು ಸರಪಳಿಗಳಿಂದ ಒಂದು ಹಳದಿ ಕಂಬಿ ತೂಗುತ್ತಿತ್ತು. ಅದರ ಮೇಲೆ ಕಪ್ಪು ಅಕ್ಷರದಲ್ಲಿ 2.0 ಮೀಟರ್ ಎಂದಿತ್ತು. ಬ್ರೇಕ್ ಒತ್ತಿದೆ.

"ಯಾಕ ನಿಂತಿ?"

"ಹೋಗಲ್ಲ ಆಂಟಿ. ನಮ್ಮದು ಎರಡು ಪಾಯಿಂಟ್ ಸೊನ್ನೆ ನಾಲ್ಕು. ನಾಲ್ಕು ಸೆಂಟಿಮೀಟರ್ ಜಾಸ್ತಿ."

ಹಿಂದೆ ಹೂವಿನ ಅಂಗಡಿಯ ವ್ಯಾನೊಂದು ಬಂದು ನಿಂತಿತು. ಅದರ ಹಿಂದೆ ಇನ್ನೊಂದು. ಹಿಂದಕ್ಕೆ ಹೋಗುವ ಹಾಗಿಲ್ಲ, ಮುಂದಕ್ಕೆ ಹೋಗುವ ಧೈರ್ಯವಿಲ್ಲ. ನನಗೆ ಬೇಕಾಗಿದ್ದ ಗಟ್ಟಿ ಕಾರಣ ಕೊನೆಗೂ ಸಿಕ್ಕಿತ್ತು, ಆದರೆ ಅದು ರೊಟ್ಟಿಯ ಆರ್ಡರಿನ ಕುತ್ತಿಗೆಗೇ ಬಂದಿತ್ತು. ಹನ್ನೊಂದು ಗಂಟೆ ಎರಡು ನಿಮಿಷ. ನೋಟ್‌ಬುಕ್ ತೆಗೆದು ಪುಟ ತಿರುವಿದೆ. ಬ್ಯಾಟರಿ ಇತ್ತು, ಸಿಗ್ನಲ್ಲುಗಳ ಗೀಟು ಇದ್ದವು, ಎತ್ತರ ಇರಲಿಲ್ಲ. ಹಾಗಾದರೆ ಆ ಅಂಕಿ ಎಲ್ಲಿಂದ ಬಂತು? ನಾನೇ ಟೇಪು ಹಿಡಿದು ಅಳೆದೆನೇ? ಕೆಲ್ವಿನ್ ಹೇಳಿದನೇ? ಎಷ್ಟು ಹುಡುಕಿದರೂ ಆ ಅಂಕಿಯ ಹಿಂದೆ ಯಾವ ಮುಖವೂ ಕಾಣಲಿಲ್ಲ. ಅಂಕಿ ಮಾತ್ರ ಸ್ಪಷ್ಟವಾಗಿತ್ತು.

ಹೂವಿನ ವ್ಯಾನಿನವನು ಹಾರ್ನ್ ಒತ್ತಿದ. ಆಂಟಿ ಕಿವಿ ಮುಚ್ಚಿಕೊಂಡರು. ಆಮೇಲೆ ಚಟ್ನಿಯ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು ಬಾಗಿಲು ತೆಗೆದು ಇಳಿದರು. ಇಳಿಜಾರಿನ ಬಾಯಿಗೆ ನಡೆದು, ಕಂಬಿಯ ಕೆಳಗೆ ನಿಂತು, ಬಲಗೈಯನ್ನು ನೆಟ್ಟಗೆ ಎತ್ತಿದರು. ಬೆರಳ ತುದಿ ಕಂಬಿಗೆ ತಾಗಿತು. ತಾಗಿ ಕಂಬಿ ಸ್ವಲ್ಪ ಅಲ್ಲಾಡಿತು.

ತಿರುಗಿ ನನ್ನ ಕಡೆ ನೋಡಿ, "ಬೆರಳ ತುದಿತನ," ಎಂದು ಕೂಗಿದರು. "ಗಾಡಿ ಉಂಗುರತನ. ಬಾ."

ಕಿಟಕಿಯಿಂದ ತಲೆ ಹೊರಗೆ ಹಾಕಿದೆ. "ಆಂಟಿ, ಉಂಗುರಕ್ಕೇ ಬಂದಿದ್ದು ಅಂತ ಗ್ಯಾರಂಟಿ ನೆನಪಿದ್ಯಾ? ಬಳೆನೋ ಉಂಗುರನೋ ಬೆರಳೋ?"

"ನೆನಪು ಯಾಕ ಬೇಕು ತಮ್ಮಾ? ಗಾಡಿ ಇಲ್ಲೇ ನಿಂತೈತಲ್ಲ."

ಹಾಗೆಂದು ಗಾಡಿಯ ಹತ್ತಿರ ಬಂದು, ಪಕ್ಕಕ್ಕೆ ಒತ್ತಿ ನಿಂತು ಮತ್ತೆ ಕೈ ಎತ್ತಿದರು. ಕ್ಯಾನೊಪಿಯ ಅಂಚು ಉಂಗುರಕ್ಕೇ ಬಂತು. ಉಂಗುರದಿಂದ ಬೆರಳ ತುದಿಯವರೆಗಿನ ಅಂತರವನ್ನು ಎಡಗೈಯಿಂದ ತೋರಿಸಿದರು, ಮಗುವಿಗೆ ತೋರಿಸುವ ಹಾಗೆ. ಮತ್ತೆ ಇಳಿಜಾರಿನ ಬಾಯಿಗೆ ಹೋಗಿ, ಪಕ್ಕಕ್ಕೆ ಸರಿದು, ಬಾ ಬಾ ಎಂದು ಕೈಸನ್ನೆ ಮಾಡಿದರು. ಕಾವಲಿನ ಅಂಕಲ್ ಇನ್ನೊಂದು ಬದಿಗೆ ನಿಂತು ತಾವೂ ಕೈಸನ್ನೆ ಮಾಡತೊಡಗಿದರು. ಬ್ರೇಕಿನಿಂದ ಕಾಲನ್ನು ನಿಧಾನವಾಗಿ ಸಡಿಲಿಸಿದೆ. ಗಾಡಿ ನಡೆಯುವುದಕ್ಕಿಂತ ನಿಧಾನವಾಗಿ ಮುಂದೆ ಹೋಯಿತು. ಮೇಲೆ ಸರಪಳಿ ಒಮ್ಮೆ ಕಿಣಿ ಎಂದೀತೆಂದು ಕಿವಿ ಕೊಟ್ಟು ಕೂತಿದ್ದೆ. ಗಾಡಿಗೆ ಸದ್ದಿಲ್ಲದ್ದರಿಂದ ನನ್ನ ಉಸಿರೇ ಕೇಳುತ್ತಿತ್ತು. ಕಂಬಿ ಮುಂದಿನ ಗಾಜಿನಿಂದ ಮರೆಯಾಗಿ, ಪಕ್ಕದ ಕನ್ನಡಿಯಲ್ಲಿ ಕಾಣಿಸಿತು. ಅಲ್ಲಾಡದೆ ಇಳಿಬಿದ್ದಿತ್ತು.

ಕ್ಯಾಂಟೀನಿನ ಸ್ಟೀಲ್ ಮೇಜಿನ ಮೇಲೆ ಫರೀದಾ ಮೇಡಂ ಒಂದೊಂದೇ ಡಬ್ಬಿ ತೆರೆಸಿದರು. ಮೇಡಂ ಮಾತು ಕಡಿಮೆ, ಕೈಗವಸು ಹಾಕಿದ ಕೈಯಿಂದ ಪ್ರತಿ ರೊಟ್ಟಿಯನ್ನೂ ಎತ್ತಿ ಪಕ್ಕಕ್ಕಿಟ್ಟು ಎಣಿಸುವವರು. ಮೊದಲ ಡಬ್ಬಿ, ಇಪ್ಪತ್ತೈದು. ಎರಡನೆಯದು, ಇಪ್ಪತ್ತೈದು. ಆಂಟಿ ಮೇಜಿನ ಆ ಬದಿಯಲ್ಲಿ ಕೈಕಟ್ಟಿ ನಿಂತಿದ್ದರು. ಒಂಬತ್ತನೇ ಡಬ್ಬಿಯಲ್ಲಿ ಒಂದು ರೊಟ್ಟಿಯ ಅಂಚು ಸೀಳಿದಂತೆ ಕಂಡಿತು. ಮೇಡಂ ಅದನ್ನು ದೀಪಕ್ಕೆ ಹಿಡಿದು ನೋಡಿದರು. ಸೀಳಲ್ಲ, ಬಡಿಯುವಾಗ ಬಿದ್ದ ಆಂಟಿಯ ಬೆರಳಿನ ಗುರುತು. ಹದಿನಾರನೆಯ ಡಬ್ಬಿ ಖಾಲಿಯಾದಾಗ ಹನ್ನೊಂದು ಇಪ್ಪತ್ತಾರು. ನಾನೂರಕ್ಕೆ ನಾನೂರೂ ಇಡಿಯಾಗಿದ್ದವು.

"ಒಂದೂ ಇಲ್ಲ," ಎಂದರು ಮೇಡಂ ಇಂಗ್ಲಿಷಿನಲ್ಲಿ, ನಂಬಿಕೆ ಬಾರದವರ ಹಾಗೆ.

"ಒಂದು ಐತಿ ನೋಡ್ರಿ," ಎಂದು ಗಿರಿಜಾ ಆಂಟಿ ಮೇಲಿನ ರೊಟ್ಟಿಯನ್ನು ತೆಗೆದುಕೊಂಡು ಎರಡೂ ಕೈಯಿಂದ ಮುರಿದರು. ಆ ಸದ್ದಿಗೆ ಒಳಗೆ ಪಾತ್ರೆ ತೊಳೆಯುತ್ತಿದ್ದವರು ತಲೆ ಎತ್ತಿದರು. ಮುರಿದ ತುಂಡಿಗೆ ಶೇಂಗಾ ಚಟ್ನಿ ಹಚ್ಚಿ ಮೇಡಂ ಕೈಗೆ ಕೊಟ್ಟರು. ಮೇಡಂ ಕೈಗವಸು ತೆಗೆದು ತಿಂದರು. ಮತ್ತೊಂದು ತುಂಡಿಗೆ ತಾವೇ ಕೈ ಚಾಚಿದರು. ಸೋಮವಾರ, ಗುರುವಾರ, ತಲಾ ನಾನೂರು ಎಂದು ಅಲ್ಲೇ ನಿಂತು ಹೇಳಿದರು. ಚಟ್ನಿಯೂ ಬೇಕು ಎಂದರು.

ಶೈಲಾಗೆ ಫೋನ್ ಮಾಡಿದೆ. ಏನಾಯ್ತು ಎಂದು ಕೇಳಲಿಲ್ಲ, "ಎಷ್ಟು?" ಎಂದಳು.

"ಸೊನ್ನೆ."

"ಸೊನ್ನೆ ಉಳೀತಾ, ಸೊನ್ನೆ ಮುರೀತಾ? ಸರಿಯಾಗಿ ಹೇಳ್ರೀ."

"ಸೊನ್ನೆ ಮುರಿದಿದ್ದು. ಸೋಮವಾರದಿಂದ ಶುರು."

ಅವಳು ಪಕ್ಕದ ಘಟಕದವರಿಗೆ ಏನೋ ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ ನನಗೆ, "ಆಂಟಿ ಹತ್ರ ಕೊಡಿ ಫೋನು," ಎಂದಳು. ಅವರಿಬ್ಬರೂ ತಮ್ಮ ಊರಿನ ಮಾತಿನಲ್ಲಿ ಹತ್ತು ನಿಮಿಷ ಮಾತಾಡಿದರು. ಉದ್ದಕ್ಕೂ ನಗು.

ಆ ಹತ್ತು ನಿಮಿಷದಲ್ಲಿ ನಾನು ಗಾಡಿಯ ಬಾಗಿಲಿನ ಜೇಬಿನಲ್ಲಿದ್ದ ಕಾರ್ಡನ್ನು ತೆಗೆದು ನೋಡಿದೆ. ಕ್ಯಾನೊಪಿ ಸೇರಿ ಎತ್ತರ 1.89 ಮೀಟರ್. ಬೆಳಿಗ್ಗೆಯಿಂದ ಅದು ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಆಮೇಲೆ ಫೋನ್ ತೆಗೆದು, ಇನ್ನೂ ಬಾರದ ದೊಡ್ಡ ಪಿಕಪ್ಪಿನ ಹಾಳೆಯ ಫೋಟೋ ತೆರೆದೆ. ಎತ್ತರ ಎಂಬ ಸಾಲಿನ ಮುಂದೆ 2.04 ಎಂದಿತ್ತು. ಒಂದು ವರ್ಷ ದಿನಾ ನೋಡಿ ನೋಡಿ, ಇನ್ನೂ ಹುಟ್ಟದ ಗಾಡಿಯ ಎತ್ತರವನ್ನು ಕಣ್ಣೆದುರಿನ ಗಾಡಿಗೆ ಅಂಟಿಸಿಬಿಟ್ಟಿದ್ದೆ. ಇನ್ನೊಂದು ಮಾತೂ ಹೊಳೆಯಿತು. ನಾನು ಕಾಯುತ್ತಿದ್ದ ಆ ದೊಡ್ಡ ಗಾಡಿಯಲ್ಲಿ ಇಂದು ಬಂದಿದ್ದರೆ ಕಂಬಿಯ ಆಚೆಯೇ ನಿಲ್ಲಬೇಕಿತ್ತು, ನಾನೂರು ರೊಟ್ಟಿಯೂ ಮಳೆಯ ಪಾಲು.

ಹೊರಗೆ ಬರುವಾಗ ಹೊಸ ಅನುಮಾನ ಹುಟ್ಟಿತು. "ಆಂಟಿ, ರೊಟ್ಟಿ ಇಳಿಸಿದ್ದೇವೆ. ಭಾರ ಕಡಿಮೆಯಾದರೆ ಗಾಡಿ ಸ್ವಲ್ಪ ಮೇಲೇಳುತ್ತೆ."

"ಹಿಟ್ಟು ಐತಿ, ನಾ ಅದೀನಿ," ಎಂದರು ಆಂಟಿ ಸೀಟಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತ. "ನಾ ಏನು ರೊಟ್ಟಿಕಿಂತ ಹಗುರ ಅದೀನೇನು? ನಡಿ."

ಕಂಬಿಯ ಕೆಳಗೆ ಈ ಸಲ ನಿಲ್ಲದೆ ಹೊರಟೆವು. ಕಾವಲಿನ ಅಂಕಲ್ ಹೆಬ್ಬೆರಳು ಎತ್ತಿ ತೋರಿಸಿದರು. ಮಳೆ ನಿಂತಿತ್ತು.

ಮಧ್ಯಾಹ್ನದ ಊಟಕ್ಕೆ ಬಿಶಾನಿನ ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ನಿಲ್ಲಿಸಿದೆ. ನಾನು ಎರಡು ದೋಸೆ, ಆಂಟಿ ಒಂದು. ಇಬ್ಬರಿಗೂ ಚಹಾ. ಸಕ್ಕರೆ ಸರಿಯಾಗಿದೆಯೇ ಎಂದು ಆಂಟಿ ಕೇಳಿದರು. ಸರಿಯಾಗಿದೆ ಎಂದು ಹೇಳಿ, ಅದನ್ನು ನೋಟ್‌ಬುಕ್ಕಿನಲ್ಲೂ ಬರೆದು ತೋರಿಸಿದೆ. ಅಲ್ಲಿಂದ ಅವರನ್ನು ಮನೆಗೆ ಬಿಟ್ಟು, ಹಿಟ್ಟಿನ ಚೀಲಗಳನ್ನು ಕಾಕಿ ಬುಕಿತ್‌ನಲ್ಲಿ ಇಳಿಸಿದೆ. ಖಾಲಿ ಗಾಡಿ ಊಬಿಯವರೆಗೆ ಕೆಲ್ವಿನ್ ಹೇಳಿದ ಹಾಗೆಯೇ ಜಿಗಿಯಿತು. ನನಗೇನೂ ಬೇಜಾರಾಗಲಿಲ್ಲ.

ನಾಲ್ಕೂವರೆಗೆ ಶೋರೂಮ್ ತಲುಪಿದೆ. ಬ್ಯಾಟರಿ ಶೇಕಡ ಎಪ್ಪತ್ತು. ಕೆಲ್ವಿನ್ ಹೊರಗೆ ಬಂದ.

"ಹೇಗಿತ್ತು ಅಂಕಲ್? ಎಷ್ಟು ಮುರೀತು?"

"ಒಂದು. ಅದನ್ನೂ ನಾವೇ ಮುರಿದಿದ್ದು."

ಎರಡು ವರ್ಷದ ಲೀಸಿನ ಕಾಗದಗಳಿಗೆ ಸಹಿ ಹಾಕಿದೆ. ಓದದೆ ಸಹಿ ಹಾಕುವವನಲ್ಲ, ಎಲ್ಲ ಪುಟ ಓದಿದೆ, ಎತ್ತರದ ಸಾಲನ್ನು ಎರಡು ಸಲ ಓದಿದೆ. ಆಮೇಲೆ ಅವನು ಕೇಳಿದ, "ದೊಡ್ಡ ಮಾಡೆಲ್ ಬುಕಿಂಗ್ ಇರಲಾ, ತೆಗೀಲಾ?"

"ಪಟ್ಟಿಯಲ್ಲಿ ಇರಲಿ," ಎಂದೆ. "ಎಲ್ಲರಿಗಿಂತ ಕೊನೆಗೆ ಹಾಕು. ಅವಸರ ಇಲ್ಲ."

ಅವನಿಗೆ ಆಶ್ಚರ್ಯ. ವಾರಕ್ಕೊಮ್ಮೆ ಫೋನ್ ಮಾಡಿ ಯಾವಾಗ ಬರುತ್ತೆ ಎಂದು ಪೀಡಿಸುತ್ತಿದ್ದವನು ನಾನೇ ಅಲ್ಲವೇ ಎಂದು ಕೇಳಿದ. ಹಾಗೆ ಮಾಡುತ್ತಿದ್ದೆನೇ? ಮಾಡುತ್ತಿದ್ದೆನಂತೆ.

ಅದೇ ಗಾಡಿಯಲ್ಲಿ ಸೆಂಗ್‌ಕಾಂಗಿಗೆ ಹೊರಟೆ. ನಮ್ಮ ಬಹುಮಹಡಿ ಕಾರ್‌ಪಾರ್ಕಿನ ಬಾಯಿಯಲ್ಲೂ ಒಂದು ಕಂಬಿ ಇದೆ. ಒಂಬತ್ತು ವರ್ಷ ದಿನಾ ಅದರ ಕೆಳಗೆ ಓಡಾಡಿದ್ದೇನೆ. ಅದರ ಮೇಲೆ ಎಷ್ಟು ಬರೆದಿದೆ ಎಂದು ಕೇಳಿದರೆ ಅಂದಿನವರೆಗೆ ಹೇಳಲು ಬರುತ್ತಿರಲಿಲ್ಲ. ಶೈಲಾ ಕೆಳಗೇ ಕಾಯುತ್ತಿದ್ದಳು. ಆಂಟಿ ಎಲ್ಲ ಹೇಳಿರಬೇಕು. ಕಂಬಿಯ ಪಕ್ಕ ನಿಂತು, ಗಂಭೀರವಾಗಿ ಬಲಗೈ ಎತ್ತಿ, "ಹೋಗುತ್ತೆ, ಬನ್ನಿ," ಎಂದಳು. ಅವಳ ಹಿಂದೆ ಸೈಕಲ್ ಹಿಡಿದು ನಿಂತಿದ್ದ ನೆರೆಮನೆಯ ಚೀನೀ ಅಜ್ಜಿಯೂ ಏನೆಂದು ತಿಳಿಯದೆ ಕೈ ಎತ್ತಿದರು.

ನಾಲ್ಕನೇ ಮಹಡಿಯಲ್ಲಿ ಚಾರ್ಜಿಗೆ ಹಾಕಿ ಇಳಿದೆ. ತೊಟ್ಟಿಯ ಮೂಲೆಯಲ್ಲಿ ಚೀಲದಿಂದ ಉದುರಿದ ಜೋಳದ ಹಿಟ್ಟು ಒಂದು ಹಿಡಿಯಷ್ಟು ಉಳಿದಿತ್ತು. ಲಿಫ್ಟಿನ ಹತ್ತಿರ ನಿಂತು ನೋಟ್‌ಬುಕ್ ತೆಗೆದು ದಿನದ ಕೊನೆಯ ಸಾಲು ಬರೆದೆ. ಎತ್ತರ: ಗಿರಿಜಾ ಆಂಟಿಯ ಉಂಗುರದವರೆಗೆ. ಬರೆದ ಮೇಲೆ ಎಂದಿನ ಹಾಗೆ ಅನುಮಾನವಾಯಿತು. ತಿರುಗಿ ನೋಡಿದೆ. ಗಾಡಿ ಅಲ್ಲೇ ನಿಂತಿತ್ತು.